ಮಿಕ್ ರಾಕ್ ಫೋಟೋಗಳು ಮತ್ತು ಎಲ್‌ಎಸ್‌ಡಿ

ರಾಕ್ ಸಂಗೀತಗಾರರ ಚಿತ್ರಗಳಿಗೆ ಹೆಸರಾದ ಬ್ರಿಟಿಷ್ ಛಾಯಾಗ್ರಾಹಕ ಮಿಕ್ ರಾಕ್ ಅವರ ಫೋಟೋಗಳ ಗುಟ್ಟು ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕವಸ್ತುನಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಕೇಂಬ್ರಿಡ್ಜ್‌ನಲ್ಲಿ ಓದುವಾಗ ಅದರ ಅಮಲಿನಲ್ಲೇ ಗೆಳೆಯನ ಕ್ಯಾಮೆರಾ ಎತ್ತಿಕೊಂಡು ಒಂದೇ ಸಮನೆ ಕ್ಲಿಕ್ಕಿಸಿದ್ದರಂತೆ. ಆಮೇಲೆ ನೋಡಿದರೆ ಒಳಗೆ ಫಿಲ್ಮೇ ಇರಲಿಲ್ಲ! ಅವರೇ ಹೇಳಿಕೊಂಡ ಕಥೆ ಇದು.

ಪಿಂಕ್ ಫ್ಲಾಯ್ಡ್ ರಾಕ್ ತಂಡದಿಂದ ಆಗಲೇ ಹೊರಬಂದಿದ್ದ ಗಾಯಕ ಸಿಡ್ ಬ್ಯಾರೆಟ್ ಅವರನ್ನು 1969ರಲ್ಲಿ ಲಂಡನ್ ಫ್ಲಾಟಿನಲ್ಲಿ ತೆಗೆದ ಚಿತ್ರಗಳನ್ನು ನೋಡಿ. ಖಾಲಿ ಕೋಣೆ, ಕಿತ್ತಳೆ-ನೇರಳೆ ಪಟ್ಟೆ ಬಳಿದ ಮರದ ನೆಲ, ಕುಕ್ಕರುಗಾಲಲ್ಲಿ ಕೂತ ಸಿಡ್. ಸಿಡ್ ಅವರು ರಾಕ್ ಅವರನ್ನು ಅಷ್ಟು ಹತ್ತಿರ ಬಿಟ್ಟುಕೊಂಡಿದ್ದು ಸ್ನೇಹದಿಂದ, ಅಲ್ವಾ?

ಮುಂದೆ ಕೊಕೇನ್ ಚಟ ರಾಕ್ ಅವರನ್ನು ಹಿಂಡಿಹಾಕಿತು. 1996ರಲ್ಲಿ ಹೃದಯದ ಬೈಪಾಸ್ ಆಯಿತು. ಚಟ ಬಿಟ್ಟು, ಯೋಗ ಮಾಡುತ್ತಾ ಮತ್ತೆ ಕೆಲಸಕ್ಕಿಳಿದರು. ಪಾಪ್ ಗಾಯಕಿ ಲೇಡಿ ಗಾಗಾ ಅವರ ಫೋಟೋಗಳನ್ನು ತೆಗೆದಿದ್ದು ಈ ಕಾಲದಲ್ಲೇ. ಅವನ್ನೂ ಹುಡುಕಿ ನೋಡಿ, ಕಣ್ಣು ಒಂಚೂರೂ ಮಂಕಾಗಿಲ್ಲ.