ಓದುಗರ ಪ್ರಶ್ನೆ: ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋಕೆ ಯಾವ ಹಳೆ ಕಂಪ್ಯೂಟರ್?

ಪ್ರಶ್ನೆ: ನಾವು ನಾಲ್ಕು ಜನ ಸೇರಿ ತತ್ವಪದ, ಭಜನೆ ಹಾಡ್ತೀವಿ. ಹಾರ್ಮೋನಿಯಂ, ತಬಲಾ, ಏಕತಾರಿ ಇವೆ. ಇಷ್ಟು ದಿನ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ ವಾಟ್ಸ್ಆ್ಯಪ್‌ಗೆ ಹಾಕ್ತಿದ್ದೆವು. ಈಗ ಮನೆಯಲ್ಲೇ ಸರಿಯಾಗಿ ಮಾಡುವ ಆಸೆ. ಕೈಯಲ್ಲಿ ಒಟ್ಟು 30,000 ರೂಪಾಯಿ ಇದೆ. ಅಂಗಡಿಯವರು ಎರಡು ಹಳೆ ಲ್ಯಾಪ್‌ಟಾಪ್ ತೋರಿಸಿದರು. ಒಂದು ನಾಲ್ಕನೇ ಜನರೇಷನ್ ಐ7, ಬೆಲೆ 14,000. ಇನ್ನೊಂದು ಥಿಂಕ್‌ಪ್ಯಾಡ್ ಟಿ480, ಎಂಟನೇ ಜನರೇಷನ್ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಬೆಲೆ 17,000. ‘ಐ7 ದೊಡ್ಡದು, ಅದನ್ನೇ ತಗೊಳ್ಳಿ’ ಅಂತಾರೆ. ಹೌದಾ?
(ಓದುಗರೊಬ್ಬರು, ಕಲಬುರಗಿ)

ಉತ್ತರ: ಅಲ್ಲ. ಟಿ480 ತಗೊಳ್ಳಿ.

ಹಳೆ ಬಸ್ಸಿಗೆ ಎಕ್ಸ್‌ಪ್ರೆಸ್ ಬೋರ್ಡ್ ಹಾಕಿದ ಹಾಗೆ ಈ ಐ7 ಸ್ಟಿಕ್ಕರ್. ಆ ಕಾಲದ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಬರುತ್ತಿದ್ದ, ಹೆಸರಿನ ಕೊನೆಗೆ ‘ಯು’ ಇರುವ ಐ7ಗಳಲ್ಲಿ ಇದ್ದದ್ದೇ ಎರಡು ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಭಾಗ). ಎಂಟನೇ ಜನರೇಷನ್ ಐ5ನಲ್ಲಿ ನಾಲ್ಕಿವೆ. ಇನ್ನೊಂದು ವಿಷಯ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ, ವಿಂಡೋಸ್ 11 ಅಧಿಕೃತವಾಗಿ ಸಿಗೋದು ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಷನ್‌ನಿಂದ ಈಚೆಗೆ. ನಾಲ್ಕನೇ ಜನರೇಷನ್‌ನಲ್ಲಿ ಹೇಗೋ ಹಾಕಿ ಕೊಡ್ತೀವಿ ಅಂತ ಅಂಗಡಿಯವರು ಹೇಳಬಹುದು. ಹಾಕಿಯೂ ಕೊಡ್ತಾರೆ. ನಾಳೆ ಯಾವುದೋ ಅಪ್‌ಡೇಟ್ ಕೈಕೊಟ್ಟರೆ ಒದ್ದಾಡೋರು ನೀವು.

ಒಂದು ಎಚ್ಚರಿಕೆ. ಟಿ480 ಹೆಸರಲ್ಲೇ ಏಳನೇ ಜನರೇಷನ್ ಪ್ರೊಸೆಸರ್ ಇರುವವೂ ಮಾರುಕಟ್ಟೆಗೆ ಬಂದಿವೆ. ವಿಂಡೋಸ್ ಜೊತೆಗೇ ಬರುವ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ, ಐ5 ಆದಮೇಲೆ 8250ಯು ಅಥವಾ 8350ಯು ಅಂತ ಇರಬೇಕು. 7300ಯು ಅಂತ ಕಂಡರೆ ಬೆಲೆ ಕೇಳುವುದೂ ಬೇಡ.

ನಿಜ ಹೇಳಬೇಕೆಂದರೆ ಬರೀ ರೆಕಾರ್ಡಿಂಗ್‌ಗೆ ಕಂಪ್ಯೂಟರ್‌ಗೆ ಅಂಥಾ ಕೆಲಸವೇ ಇಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಟ್ರ್ಯಾಕ್ (ಅಂದರೆ ಒಂದು ಮೈಕ್‌ನ ದನಿ) ನಿಮಿಷಕ್ಕೆ 8.64 ಎಂಬಿ ತಿನ್ನುತ್ತದೆ. ಹತ್ತು ನಿಮಿಷದ ಒಂದು ಪದ, ನಾಲ್ಕು ಟ್ರ್ಯಾಕ್ ಅಂದರೂ ಸುಮಾರು 350 ಎಂಬಿ. 256 ಜಿಬಿ ಧಾರಾಳ ಸಾಕು, ಮುಗಿದ ಹಾಡುಗಳನ್ನು ಬೇರೆ ಹಾರ್ಡ್ ಡಿಸ್ಕ್‌ಗೆ ಹಾಕಿಟ್ಟರಾಯ್ತು. ಭಾರ ಬೀಳೋದು ಆಮೇಲೆ, ಪ್ರತಿ ಟ್ರ್ಯಾಕ್‌ಗೂ ರಿವರ್ಬ್ (ದೊಡ್ಡ ಸಭಾಂಗಣದಂಥ ಗುಂಗು) ಹಾಕಿ, ಸಾಫ್ಟ್‌ವೇರ್ ತಂಬೂರಿ ಸೇರಿಸಿ ಮಿಕ್ಸ್ ಮಾಡುವಾಗ. ಅದಕ್ಕೆ 16 ಜಿಬಿ ರ‍್ಯಾಮ್ ಇದ್ದರೆ ಆರಾಮ. ಟಿ480ನಲ್ಲಿ ಎರಡು ಸ್ಲಾಟ್ ಇವೆ, ಒಂದು ಖಾಲಿ ಇದೆಯಾ ಅಂತ ಅದೇ ಟಾಸ್ಕ್ ಮ್ಯಾನೇಜರ್ ಹೇಳುತ್ತದೆ. ಇವತ್ತೇ ಹಾಕಿಸಬೇಕಿಲ್ಲ.

ಅಂಗಡಿಯಲ್ಲಿ ಅರ್ಧ ಗಂಟೆ ಕೂತುಕೊಳ್ಳಿ, ನಾಚಿಕೆ ಬೇಡ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ಎಸ್‌ಎಸ್‌ಡಿ ಆರೋಗ್ಯ ನೋಡಿ. ಲೇಟೆನ್ಸಿಮಾನ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಅದನ್ನು ಹತ್ತು ನಿಮಿಷ ಓಡಿಸಿ. ಆಡಿಯೋಗೆ ಯಾವ ಡ್ರೈವರ್ ಅಡ್ಡಗಾಲು ಹಾಕ್ತಿದೆ ಅಂತ ಅದು ತೋರಿಸುತ್ತದೆ. ಕೆಂಪು ಬಂದರೆ ವೈಫೈ ಆಫ್ ಮಾಡಿ ಇನ್ನೊಮ್ಮೆ ಓಡಿಸಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆ ಹೊತ್ತಿಗೆ ಒಂದು ವಿಡಿಯೋನೂ ಓಡುತ್ತಿರಲಿ, ಫ್ಯಾನ್ ಹತ್ತಿರ ಕಿವಿ ಇಡಿ. ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟೋದು ಗೊತ್ತಲ್ಲ, ಒಳಗಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಫ್ಯಾನ್ ಕಿರುಚುತ್ತದೆ, ಆ ಕಿರುಚಾಟ ನೇರ ಮೈಕ್‌ಗೆ ಹೋಗುತ್ತದೆ. ಪೇಸ್ಟ್ ಬದಲಿಸಿ ಕೊಡಿ ಅಂತ ಕೇಳಿ, ದೊಡ್ಡ ಖರ್ಚೇನಲ್ಲ.

ಕೊನೆಗೆ, ಅಲ್ಲೇ ಇಂಟರ್ನೆಟ್ ಹಾಕಿಸಿ ವಿಂಡೋಸ್ ರೀಸೆಟ್ ಮಾಡಿಸಿ. ಇವೆಲ್ಲ ಯಾವುದೋ ಕಂಪನಿಯಿಂದ ಬಂದ ಮಾಲು. ಮತ್ತೆ ಶುರುವಾಗುವಾಗ ಆ ಕಂಪನಿಯ ಇಮೇಲ್ ಕೇಳಿದರೆ ಅದು ಇನ್ನೂ ಅವರ ಲೆಕ್ಕದಲ್ಲೇ ಇದೆ ಅಂತ ಅರ್ಥ. ಎದ್ದು ಬನ್ನಿ.

ಉಳಿಯುವ 13,000 ಎರಡು ಮೈಕ್ ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್‌ಗೆ (ಮೈಕ್‌ನ ದನಿಯನ್ನು ಕಂಪ್ಯೂಟರ್‌ಗೆ ತಲುಪಿಸುವ ಪುಟ್ಟ ಪೆಟ್ಟಿಗೆ) ಮತ್ತು ಮೈಕ್‌ಗೆ ಇರಲಿ. ಬೆಹ್ರಿಂಗರ್ ಯುಎಂಸಿ202ಎಚ್‌ಡಿ ಥರದ್ದು ನೋಡಿ. ಹೆಸರಲ್ಲಿ ‘ಸೋಲೋ’ ಇರುವುದರಲ್ಲಿ ಸಾಮಾನ್ಯವಾಗಿ ಮೈಕ್ ಇನ್‌ಪುಟ್ ಒಂದೇ, ನಾಲ್ಕು ಜನರ ಮೇಳಕ್ಕೆ ಸಾಲದು. ಎರಡು ಇನ್‌ಪುಟ್ ಇದ್ದರೆ ಹಾಡುಗಾರರಿಗೆ ಒಂದು, ವಾದ್ಯಕ್ಕೆ ಒಂದು ಅಂತ ಇಡಬಹುದು. ಮೈಕ್ ಡೈನಮಿಕ್ ಆಗಿರಲಿ. ಕಂಡೆನ್ಸರ್ ಮೈಕ್ ಎಷ್ಟು ಸೂಕ್ಷ್ಮ ಅಂದರೆ ಪಕ್ಕದ ಮನೆ ಕುಕ್ಕರ್ ಸೀಟಿಯನ್ನೂ ಬಿಡಲ್ಲ. ಇಂಟರ್‌ಫೇಸ್ ಕಂಪನಿಯದೇ ಆಸಿಯೋ ಡ್ರೈವರ್ (ದನಿ ತಡವಾಗದಂತೆ ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಕಿ, ಅದರಲ್ಲಿ ಹಾಡುವಾಗ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕು) 128, ಮಿಕ್ಸ್ ಮಾಡುವಾಗ 1024. ಇಲ್ಲದಿದ್ದರೆ ಹೆಡ್‌ಫೋನ್‌ನಲ್ಲಿ ನಿಮ್ಮ ದನಿ ನಿಮಗೇ ತಡವಾಗಿ ಕೇಳಿ ತಾಳ ತಪ್ಪುತ್ತದೆ. ಸಾಫ್ಟ್‌ವೇರ್‌ಗೆ ದುಡ್ಡು ಬೇಡ. ಆಡಾಸಿಟಿ ಉಚಿತ, ರೀಪರ್ 60 ದಿನ ಬಳಸಿ ನೋಡಿ ಆಮೇಲೆ ಕೊಳ್ಳಬಹುದು.

ಕೋಣೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಕೆಳಗೆ ಶಹಾಬಾದ್ ಕಲ್ಲು, ಮೇಲೆ ಆರ್‌ಸಿಸಿ ಇದ್ದರೆ ದನಿ ಗುಂಯ್‌ಗುಡುತ್ತದೆ. ಜಮಖಾನೆ ಹಾಸಿ, ಹಾಡುವವರ ಬೆನ್ನ ಹಿಂದೆ ಎರಡು ದಪ್ಪ ಕೌದಿ ನೇತುಹಾಕಿ. ಐ7ಗಿಂತ ಜಾಸ್ತಿ ವ್ಯತ್ಯಾಸ ಅದರಿಂದಲೇ ಆಗುತ್ತದೆ.

ಪ್ರಶ್ನೆ: ಹಳೆ ಡೆಸ್ಕ್‌ಟಾಪ್ ತಗೊಂಡೆ. ಮೈಕ್ ಹಾಕಿದರೆ ಹಿಂದೆ ‘ಹೂಂ’ ಅಂತ ಶಬ್ದ. ಮೂರು ಪಿನ್‌ನಲ್ಲಿ ದಪ್ಪ ಪಿನ್ ತೆಗೆದರೆ ಹೋಗುತ್ತೆ ಅಂದರು. ತೆಗೆಯಲಾ?
(ಓದುಗರು, ಯಾದಗಿರಿ)

ಉತ್ತರ: ದಯವಿಟ್ಟು ಬೇಡ. ಅದು ಅರ್ಥಿಂಗ್ ಪಿನ್, ಶಾಕ್ ಹೊಡೆಯದಂತೆ ಕಾಯೋದು ಅದೇ. ಸುಮ್ನೆ ಶಬ್ದಕ್ಕಾಗಿ ಜೀವ ಒತ್ತೆ ಇಡಬೇಡಿ. ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಎಲ್ಲವನ್ನೂ ಒಂದೇ ಸ್ವಿಚ್ ಬೋರ್ಡ್‌ಗೆ ಹಾಕಿ ನೋಡಿ. ಹೋಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮೈಕ್ ಅನ್ನು ಕಂಪ್ಯೂಟರ್‌ನ ಗುಲಾಬಿ ಬಣ್ಣದ ತೂತಿಗೆ ಹಾಕಿದ್ದರೆ ಅದೇ ಅರ್ಧ ರೋಗ. ಯುಎಸ್‌ಬಿ ಇಂಟರ್‌ಫೇಸ್ ತಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಲ್ಯಾಪ್‌ಟಾಪ್ ಇರುವವರು ರೆಕಾರ್ಡ್ ಮಾಡುವಾಗ ಚಾರ್ಜರ್ ಕಿತ್ತು ನೋಡಿ.

ಪ್ರಶ್ನೆ: ಹೈದರಾಬಾದ್‌ನಲ್ಲಿ ಆ್ಯಪಲ್‌ನ ಪುಟ್ಟ ಡೆಸ್ಕ್‌ಟಾಪ್, ಹಳೆ ಎಂ1 ಮ್ಯಾಕ್ ಮಿನಿ ಸಿಗ್ತಿದೆ, ರ‍್ಯಾಮ್ 8 ಜಿಬಿ. ತರಲಾ?
(ಓದುಗರು, ಬೀದರ್)

ಉತ್ತರ: ಮನೆಯಲ್ಲಿ ಮಾನಿಟರ್, ಯುಪಿಎಸ್ ಎರಡೂ ಇದ್ದರೆ ತನ್ನಿ. 2020ರ ಮಷಿನ್ ಆದರೂ ಚುರುಕು, ಫ್ಯಾನ್ ಸದ್ದು ಕೇಳಿಸುವುದೇ ಕಡಿಮೆ, ರೆಕಾರ್ಡಿಂಗ್ ಸಾಫ್ಟ್‌ವೇರ್ ಗ್ಯಾರೇಜ್‌ಬ್ಯಾಂಡ್ ಉಚಿತ. ಆದರೆ ಆಮೇಲೆ ರ‍್ಯಾಮ್ ಹಾಕಿಸೋಕೆ ಆಗಲ್ಲ, ಬ್ಯಾಟರಿ ಇಲ್ಲದ್ದರಿಂದ ಕರೆಂಟ್ ಹೋದರೆ ಹಾಡೂ ಹೋಯ್ತು. ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲೂ ಒಮ್ಮೆ ಬೆಲೆ ವಿಚಾರಿಸಿ. ಎಲ್ಲೇ ಕೊಂಡರೂ ಹಳೆ ಮಾಲೀಕರ ಆ್ಯಪಲ್ ಅಕೌಂಟ್ ನಿಮ್ಮ ಎದುರೇ ತೆಗೆಸಿ, ಅಳಿಸಿ, ಹೊಸದಾಗಿ ಶುರು ಮಾಡಿಸಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡೇ ಬಸ್ ಹತ್ತಿ.