ಶೇ 30 ಅಂತ ಬರೆದೂ ಪೆನ್ಶನ್ ಇಲ್ಲ ಅಂದರೆ, ಮೊದಲು ಮೆಡಿಕಲ್ ಬೋರ್ಡ್‌ನ ಕಾಗದ ತರಿಸಿ

ನಿಮ್ಮ ಪ್ರಶ್ನೆ ಓದಿದೆ. ಅಪ್ಪ 2022ರಲ್ಲಿ ನೌಕಾಪಡೆಯಿಂದ ನಿವೃತ್ತರಾದರು. ಬಿಡುಗಡೆಯ ಹೊತ್ತಿಗೆ ಮೆಡಿಕಲ್ ಬೋರ್ಡ್, ಅಂದರೆ ಸೇನಾ ವೈದ್ಯರ ಮಂಡಳಿ, ಬಿಪಿಗೆ ಶೇ 30 ಅಂಗವೈಕಲ್ಯ ಅಂತ ಬರೆಯಿತು, ಆದರೂ ಡಿಸೆಬಿಲಿಟಿ ಪೆನ್ಶನ್ ಕೊಡಲಿಲ್ಲ. ಈಗ ಮೊದಲ ಅಪೀಲೂ ತಿರಸ್ಕಾರವಾಗಿ ಬಂದಿದೆ. ‘ಸಾಕು ಬಿಡು’ ಅಂತ ಅಪ್ಪ ಹೇಳುತ್ತಿದ್ದಾರೆ, ಇನ್ನೂ ಮುಂದುವರಿಯೋದರಲ್ಲಿ ಅರ್ಥ ಇದೆಯಾ ಅಂತ ಕುಮಟಾದಿಂದ ಕೇಳಿದ್ದೀರಿ.

ಖಂಡಿತ ಇದೆ. ನಾನು ನೌಕಾಪಡೆಯಲ್ಲಿ ರೈಟರ್ ಆಗಿದ್ದವನು, ಅಂದರೆ ಕಚೇರಿಯ ಕಾಗದಪತ್ರ ನೋಡುವ ಕೆಲಸ. ಈಗ ಕಾರವಾರದಲ್ಲಿದ್ದೇನೆ. ಅಂಕೋಲಾ, ಕುಮಟಾ, ಶಿರಸಿ ಕಡೆಯ ಮಾಜಿ ಸೈನಿಕರು ಇಂಥ ಪತ್ರ ಹಿಡಿದುಕೊಂಡು ಬರುತ್ತಾರೆ, ಅಪೀಲು ಬರೆಯಲು ಕೂಡುತ್ತೇನೆ.

ಈ ಪೆನ್ಶನ್ ಸಿಗಲು ಮುಖ್ಯವಾಗಿ ಎರಡು ಷರತ್ತು. ಅಂಗವೈಕಲ್ಯ ಶೇ 20ಕ್ಕಿಂತ ಕಡಿಮೆ ಇರಬಾರದು. ಅದು ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಜಾಸ್ತಿ ಆಗಿರಬೇಕು. ಅಪ್ಪನ ವಿಷಯದಲ್ಲಿ ಮೊದಲನೆಯದು ಬೋರ್ಡೇ ಒಪ್ಪಿದೆ. ತಕರಾರು ಇರೋದು ಎರಡನೆಯದರಲ್ಲಿ ಮಾತ್ರ. ಹಾಗಾಗಿ ಅಪೀಲಿನಲ್ಲಿ ಅವರು ಎಷ್ಟು ಕಷ್ಟಪಟ್ಟರು, ಮನೆ ಪರಿಸ್ಥಿತಿ ಹೇಗಿದೆ ಅಂತ ಪುಟಗಟ್ಟಲೆ ಬರೆದು ಪ್ರಯೋಜನ ಇಲ್ಲ. ಬಹಳ ಜನರ ಮೊದಲ ಅಪೀಲು ಹೀಗೇ ಇರುತ್ತದೆ. ಓದಿದರೆ ಕಣ್ಣು ತುಂಬುತ್ತದೆ, ಆದರೆ ಬೋರ್ಡ್ ಕೊಟ್ಟ ಕಾರಣಕ್ಕೆ ಅದರಲ್ಲಿ ಒಂದು ಸಾಲಿನ ಉತ್ತರವೂ ಇರೋದಿಲ್ಲ.

ಆ ಕಾರಣ ಏನು ಅಂತ ನೋಡಬೇಕಾದರೆ ಮೆಡಿಕಲ್ ಬೋರ್ಡ್‌ನ ಪೂರ್ತಿ ನಡಾವಳಿ ಕೈಯಲ್ಲಿರಬೇಕು. ತಿರಸ್ಕಾರದ ಪತ್ರ ಸಾಲದು. ಅಪ್ಪನ ಹತ್ತಿರ ಇಲ್ಲದಿದ್ದರೆ ನೌಕಾಪಡೆಯ ದಾಖಲೆ ಕಚೇರಿಗೆ ಅವರ ಹೆಸರಲ್ಲೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ, 30 ದಿನದಲ್ಲಿ ಉತ್ತರ ಕೊಡಬೇಕು. ಬೋರ್ಡ್‌ನ ಕಾಗದದ ಜೊತೆ ಭರ್ತಿಯಾದಾಗಿನ ವೈದ್ಯಕೀಯ ಪರೀಕ್ಷೆಯ ಪ್ರತಿ, ಯಾವ ಹಡಗು, ಯಾವ ಊರು, ಎಷ್ಟು ದಿನ ಅನ್ನುವ ಪೋಸ್ಟಿಂಗ್ ವಿವರ, ಬಿಪಿ ಮೊದಲು ಪತ್ತೆಯಾದಾಗಿನ ಆಸ್ಪತ್ರೆ ದಾಖಲೆ, ಇವನ್ನೂ ಕೇಳಿ.

ಕಾಗದ ಬಂದ ಮೇಲೆ ಬೋರ್ಡ್‌ನ ಅಭಿಪ್ರಾಯ ಇರುವ ಪುಟ ತೆಗೆಯಿರಿ. ಕಾಯಿಲೆಯ ಹೆಸರು, ಅದರ ಮುಂದೆ ಸೇವೆಯಿಂದ ಬಂದಿದ್ದೇ ಅನ್ನೋದಕ್ಕೆ ‘ಇಲ್ಲ’, ಸೇವೆಯಿಂದ ಹೆಚ್ಚಾಯಿತೇ ಅನ್ನೋದಕ್ಕೆ ‘ಇಲ್ಲ’. ಪಕ್ಕದಲ್ಲಿ ಕಾರಣ ಬರೆಯಬೇಕಾದ ಜಾಗ. ನಾನು ನೋಡಿದ ಹೆಚ್ಚಿನ ಕಾಗದಗಳಲ್ಲಿ ಅಲ್ಲಿ ಒಂದೇ ಸಾಲು: ಶಾಂತ ಪ್ರದೇಶದಲ್ಲಿದ್ದಾಗ (ಅಂದರೆ ಗಡಿ, ಕಾರ್ಯಾಚರಣೆ ಇಲ್ಲದ ಕಡೆ) ಶುರುವಾಗಿದೆ, ಇಲ್ಲವೇ ಜೀವನಶೈಲಿಯ ಕಾಯಿಲೆ. ಅಷ್ಟೇ. ಆ ಮನುಷ್ಯ ಅದಕ್ಕೆ ಮೊದಲು ಎಲ್ಲಿದ್ದ, ಏನು ಕೆಲಸ ಮಾಡುತ್ತಿದ್ದ, ಒಂದು ಪದವೂ ಇಲ್ಲ. ಎಷ್ಟೋ ವರ್ಷದ ಸೇವೆಗೆ ಒಂದು ಸಾಲು. ನನಗೆ ಇವತ್ತಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಬಲ ಇರೋದೂ ಅದೇ ಸಾಲಿನಲ್ಲಿ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು ಮೂರ್ಛೆರೋಗದ ಕಾರಣಕ್ಕೆ ಸೇನೆಯಿಂದ ಹೊರಬಂದ ಸೈನಿಕರ ಪ್ರಕರಣ. ಭರ್ತಿಯಾಗುವಾಗ ಕಾಯಿಲೆ ಇತ್ತು ಅಂತ ದಾಖಲೆಯಲ್ಲಿ ಬರೆದಿಲ್ಲ ಅಂದರೆ ಆಗ ಆತ ಆರೋಗ್ಯವಾಗಿದ್ದ ಅಂತಲೇ ತಿಳಿಯಬೇಕು, ಆಮೇಲೆ ಬಂದಿದ್ದು ಸೇವೆಯಿಂದ ಅಲ್ಲ ಅಂತ ತೋರಿಸುವ ಹೊಣೆ ಇಲಾಖೆಯದು, ಬೋರ್ಡ್ ಕಾರಣ ಬರೆಯಲೇಬೇಕು ಅಂತ ಕೋರ್ಟ್ ಹೇಳಿತು. ನೌಕಾಪಡೆಗೆ ಸೇರುವಾಗ ಎಷ್ಟು ಕಟ್ಟುನಿಟ್ಟಾಗಿ ಪರೀಕ್ಷೆ ಮಾಡುತ್ತಾರೆ ಅಂತ ಅಪ್ಪನನ್ನೇ ಕೇಳಿ. ಅಂದು ಬಿಪಿ ಸರಿಯಿತ್ತು ಅನ್ನುವ ಆ ಹಾಳೆ ನಿಮ್ಮ ಮೊದಲ ಸಾಕ್ಷಿ.

ಎರಡನೇ ಸಾಕ್ಷಿ ಹಡಗಿನ ದಿನಗಳು. ಸೇನಾ ವೈದ್ಯರಿಗೇ ಅಂತ ಮಾಡಿದ ಮಾರ್ಗದರ್ಶಿ ಇದೆ. ಬಿಪಿಯಂಥ ಕಾಯಿಲೆಯಲ್ಲಿ ಗಡಿಯ ಸೇವೆ, ಎತ್ತರದ ಪ್ರದೇಶದ ಸೇವೆ ಇವುಗಳ ಜೊತೆ ದೀರ್ಘಕಾಲ ಹಡಗಿನ ಮೇಲೆ ಮಾಡಿದ ಸೇವೆಯನ್ನೂ ಪರಿಗಣಿಸಬೇಕು ಅಂತ ಅದರಲ್ಲಿದೆ. ಅಪ್ಪ ಯಾವ ಹಡಗಿನಲ್ಲಿ ಎಷ್ಟು ಕಾಲ ಇದ್ದರು, ಎಂಜಿನ್ ರೂಮಿನಲ್ಲೋ ಡೆಕ್ಕಿನ ಮೇಲೋ, ರಾತ್ರಿ ವಾಚ್ (ಪಾಳಿಯ ಕರ್ತವ್ಯ) ಹೇಗಿತ್ತು, ಎಲ್ಲವನ್ನೂ ಇಸವಿ ಹಾಕಿ ಬರೆಯಿರಿ. ದಡಕ್ಕೆ ಬಂದು ಕೆಲವೇ ತಿಂಗಳಲ್ಲಿ ಬಿಪಿ ಪತ್ತೆಯಾಗಿದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ದಡದಲ್ಲಿ ಪತ್ತೆಯಾಯಿತು ಅಂದ ಮಾತ್ರಕ್ಕೆ ದಡದಲ್ಲೇ ಹುಟ್ಟಿತು ಅಂತ ಅಲ್ಲ, ಅಲ್ವಾ?

ಈಗ ದಾರಿ. ಎರಡನೇ ಅಪೀಲಿಗೆ ಮೊದಲ ತಿರಸ್ಕಾರದಿಂದ 6 ತಿಂಗಳ ಅವಧಿ. ತಡವಾಗಿದ್ದರೆ ಯಾಕೆ ತಡವಾಯಿತು ಅಂತ ವಿವರಿಸಿ, ಮನ್ನಿಸಿ ಅಂತ ಕೋರಿ ಹಾಕಬಹುದು. ಅದೂ ತಿರಸ್ಕಾರವಾದರೆ, ಅಥವಾ 6 ತಿಂಗಳು ಕಳೆದರೂ ಉತ್ತರವೇ ಬರದಿದ್ದರೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. 2007ರ ಕಾಯ್ದೆಯಂತೆ ಆದ ಮಂಡಳಿ ಅದು. ಅಲ್ಲಿಗೂ 6 ತಿಂಗಳ ಗಡುವಿದೆ. ಆದರೆ ಪೆನ್ಶನ್ ಪ್ರತಿ ತಿಂಗಳೂ ಬರಬೇಕಾದ ಹಣ, ಆದ್ದರಿಂದ ಬರೀ ತಡವಾಯಿತು ಅಂತ ಸಾಮಾನ್ಯವಾಗಿ ಬಾಗಿಲು ಮುಚ್ಚೋದಿಲ್ಲ. ನಷ್ಟ ಬೇರೆ ಕಡೆ ಇದೆ: ಹಿಂಬಾಕಿಯನ್ನು ಹೆಚ್ಚಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ 3 ವರ್ಷಕ್ಕೆ ಸೀಮಿತ ಮಾಡುತ್ತಾರೆ. ಸುಮ್ನೆ ಕೂತಷ್ಟೂ ಹಳೇ ತಿಂಗಳುಗಳು ಕೈತಪ್ಪುತ್ತವೆ.

ಅರ್ಜಿಯ ಕೊನೆಯ ಕೋರಿಕೆಯಲ್ಲಿ ಶೇ 30 ಅನ್ನು ಶೇ 50ಕ್ಕೆ ಏರಿಸಿ ಕೊಡಿ ಅಂತ ಬಿಡಿಸಿ ಕೇಳಿ. 2014ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್‌ನ ರಾಮ್ ಅವತಾರ್ ತೀರ್ಪಿನ ಪ್ರಕಾರ ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಿಗುತ್ತದೆ. ಶೇ 50ಕ್ಕಿಂತ ಕಡಿಮೆ ಇದ್ದದ್ದು 50 ಆಗುತ್ತದೆ. ಪೂರ್ತಿ ಶೇ 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30 ಅಂತ ಲೆಕ್ಕ. ಕೊನೆಯ ವೇತನ 40,000 ರೂಪಾಯಿ ಅಂತ ಇಟ್ಟುಕೊಳ್ಳಿ. ಶೇ 30ಕ್ಕೆ ತಿಂಗಳಿಗೆ 3,600, ಶೇ 50ಕ್ಕೆ 6,000. ಇದರ ಮೇಲೆ ತುಟ್ಟಿಭತ್ಯೆ ಬೇರೆ. ಬಿಡುವಂಥ ಹಣ ಅಲ್ಲ.

ಇನ್ನೊಂದು ಮಾತು ಇದನ್ನು ಓದುವ ಬೇರೆಯವರಿಗೆ. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮ ಬಂದಿದೆ, ಅದಾದ ಮೇಲೆ ನಿವೃತ್ತರಾದವರು ಮೇಲಿನದನ್ನು ಹಾಗೇ ಅನ್ವಯಿಸಿಕೊಳ್ಳಬೇಡಿ. ರಜೆಯಲ್ಲಿ ಊರಿಗೆ ಬಂದಾಗ ಮನೆಯ ಕೆಲಸದಲ್ಲಿ ಗಾಯವಾದವರ ಪ್ರಕರಣವೂ ಬೇರೆ. ಗಾಯಕ್ಕೂ ಸೇವೆಗೂ ಸಂಬಂಧ ತೋರಿಸಲಾಗದಿದ್ದರೆ ಕೋರ್ಟ್ ಒಪ್ಪೋದಿಲ್ಲ. ಅಂಥವರಿಗೆ ಸುಳ್ಳು ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ.

ವಕೀಲರ ವಿಷಯ. ಬಂದ ಹಿಂಬಾಕಿಯಲ್ಲಿ ಇಷ್ಟು ಪಾಲು ಕೊಡಿ ಅನ್ನುವವರಿಗೆ ಸಹಿ ಹಾಕಬೇಡಿ, ಅಂಥ ಕರಾರು ವಕೀಲರ ನಿಯಮಕ್ಕೇ ವಿರುದ್ಧ. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಸೈನಿಕರ ಕುಟುಂಬಗಳಿಗೆ ಕಾನೂನು ನೆರವು ಕೊಡಲು ವೀರ್ ಪರಿವಾರ್ ಸಹಾಯತಾ ಯೋಜನೆ ಶುರು ಮಾಡಿದೆ. ಸೈನಿಕ ಕಲ್ಯಾಣ ಕಚೇರಿಯಲ್ಲಿ ಅದರ ಬಗ್ಗೆ ಕೇಳಿ. ನಿವೃತ್ತರು ತಾವು ವಾಸವಿರುವ ಪ್ರದೇಶದ ನ್ಯಾಯಮಂಡಳಿ ಪೀಠದಲ್ಲೇ ಅರ್ಜಿ ಹಾಕಬಹುದು. ವಕೀಲರಿದ್ದರೆ ಪ್ರತಿ ದಿನಾಂಕಕ್ಕೂ ಅಪ್ಪ ಪ್ರಯಾಣ ಮಾಡಬೇಕಾಗಿಲ್ಲ.

ಅಪ್ಪನ ‘ಸಾಕು ಬಿಡು’ ನನಗೆ ಚೆನ್ನಾಗಿ ಗೊತ್ತು. ಇಲ್ಲಿಗೆ ಬರುವ ಬಹುಪಾಲು ಜನ ಅದನ್ನೇ ಹೇಳುತ್ತಾರೆ, ಕರೆದುಕೊಂಡು ಬರೋದು ಹೆಂಡತಿ ಅಥವಾ ಮಕ್ಕಳು. ಕೇಳಿದರೆ ಕೈಚಾಚಿದಂತೆ ಅನ್ನುವ ಸಂಕೋಚ. ಕಾರವಾರದ ಕಡಲತೀರದಲ್ಲಿ ಚೆಂಡಿಯಾ ಊರಿನ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ, ಪರಮವೀರ ಚಕ್ರ ಪಡೆದವರು. ಅಲ್ಲಿ ನಿಂತು ಕೈಮುಗಿಯುವ ಇದೇ ಜಿಲ್ಲೆಯ ಮಾಜಿ ಸೈನಿಕರು ತಮಗೆ ನಿಯಮದಲ್ಲೇ ಬರೆದಿಟ್ಟ ಹಕ್ಕು ಕೇಳಲು ನಾಚಿಕೊಳ್ಳಬಾರದು. ನಾನು ಇದನ್ನು ಅವರಿಗೆ ನೇರವಾಗಿಯೇ ಹೇಳುತ್ತೇನೆ.

ಅಪ್ಪ ಒಪ್ಪಿದರೆ ಟ್ರಂಕಿನಲ್ಲಿರುವ ಕಾಗದಗಳನ್ನು ಈಗಲೇ ಹೊರತೆಗೆದು ಸ್ಕ್ಯಾನ್ ಮಾಡಿಸಿ. ನಮ್ಮ ಕಡೆಯ ಮಳೆಗೆ ಪಿನ್ನು ತುಕ್ಕು ಹಿಡಿದು ದಿನಾಂಕ ಇರುವ ಮೂಲೆಯೇ ಹರಿದುಹೋದದ್ದನ್ನು ನೋಡಿದ್ದೇನೆ. ಮೊದಲ ಅಪೀಲಿನ ತಿರಸ್ಕಾರದ ಪತ್ರ ಬಂದ ಲಕೋಟೆಯನ್ನೂ ಎಸೆಯಬೇಡಿ. 6 ತಿಂಗಳ ಲೆಕ್ಕಕ್ಕೆ ತಕರಾರು ಬಂದರೆ ಅದರ ಮೇಲಿನ ಅಂಚೆ ಮುದ್ರೆ ಬೇಕಾಗುತ್ತದೆ.