ಸಿಲಿಕೋನ್ ಲೇಪನ ಹಾಕಿಸಿದರೆ ದೋಣಿ ತಳಕ್ಕೆ ಚಿಪ್ಪು ಹಿಡಿಯುವುದು ನಿಲ್ಲುತ್ತದಾ?

ಕುಶಾಲನಗರದಲ್ಲಿದ್ದುಕೊಂಡು ಮಂಗಳೂರಿನ ಅಳಿವೆಯಲ್ಲಿ ಫೈಬರ್ ದೋಣಿ ಕಟ್ಟಿದ್ದೀರಿ, ಭಾನುವಾರ ಮಾತ್ರ ಗಾಳ ಹಾಕಲು ಹೋಗುತ್ತೀರಿ ಅಂದಿರಲ್ಲ, ಮಡಿಕೇರಿಯಿಂದ ನಾನೂ ನನ್ನ ಭಾವನೂ ಅದನ್ನೇ ಮಾಡುತ್ತಿದ್ದೆವು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಕಾಫಿ ಗೋದಾಮು ಹೇಗೂ ಖಾಲಿ. ದೋಣಿಯನ್ನು ಟ್ರೇಲರ್ ಮೇಲೆ ಸಂಪಾಜೆ ಘಾಟಿ ಹತ್ತಿಸಿ ತಂದು, ಮನೆಯಲ್ಲೇ ಸಿಲಿಕೋನ್ ಹೊಡೆಯಲು ಹೊರಟೆವು. ಕೆಟ್ಟಿದ್ದೇ ಅಲ್ಲಿ.

ಇದನ್ನು ಬಿಡಿಸಿ ಹೇಳಲೇಬೇಕು. ಸಿಲಿಕೋನ್‌ಗೆ ಯಾವುದೂ ಗಟ್ಟಿಯಾಗಿ ಅಂಟುವುದಿಲ್ಲ. ಸಿಲಿಕೋನ್ ಕೂಡ ಎಪಾಕ್ಸಿಗೆ, ಅಂದರೆ ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ರಾಳಕ್ಕೆ, ನೇರವಾಗಿ ಅಂಟುವುದಿಲ್ಲ. ಅದಕ್ಕೇ ಮೊದಲು ಎಪಾಕ್ಸಿ ಪ್ರೈಮರ್, ನಡುವೆ ಎರಡನ್ನೂ ಬೆಸೆಯುವ ಟೈ ಕೋಟ್ ಎಂಬ ಪದರ, ಆಮೇಲೆ ಸಿಲಿಕೋನ್. ಮಡಿಕೇರಿಯ ಜೂನ್ ನಿಮಗೆ ಗೊತ್ತಲ್ವಾ? ಗೋಡೆ ಬೆವರುತ್ತದೆ, ಪೆಟ್ಟಿಗೆಯೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಅಂಥ ಚಳಿ, ತೇವದಲ್ಲಿ ಎಪಾಕ್ಸಿಯ ಹಾರ್ಡನರ್ (ಗಟ್ಟಿಯಾಗಲು ಬೆರೆಸುವ ದ್ರವ) ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ಕೈ ಸವರಿದೆವು, ಜಾರಿತು. ಇನ್ನೂ ಒಣಗಿಲ್ಲ ಅಂದುಕೊಂಡು ಮಾರನೇ ದಿನ ಅದರ ಮೇಲೇ ಟೈ ಕೋಟ್ ಹೊಡೆದೆವು. ಬಿಸಿನೀರಲ್ಲಿ ಉಜ್ಜಿ ತೊಳೆದು, ಎಮೆರಿ ಪೇಪರ್ ಹಾಕಬೇಕಿತ್ತು. ಡಬ್ಬದ ಜೊತೆ ಬಂದ ಹಾಳೆಯಲ್ಲೂ ಬರೆದಿತ್ತು: ಇಬ್ಬನಿ ಕಟ್ಟುವ ಉಷ್ಣತೆಗಿಂತ ದೋಣಿಯ ಮೈ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು ಅಂತ. ಮಳೆಗಾಲದ ನಮ್ಮ ಗೋದಾಮಿನಲ್ಲಿ ಅದು ಆಗದ ಮಾತು.

ಆಗಸ್ಟ್‌ನಲ್ಲಿ ನೀರಿಗಿಳಿಸಿದೆವು. ದೀಪಾವಳಿ ಹೊತ್ತಿಗೆ ಎಂಜಿನ್ ಪಕ್ಕ ಒಂದು ಅಂಚು ಎದ್ದಿತ್ತು. ಹಿಡಿದು ಎಳೆದರೆ ಹಾಲಿನ ಕೆನೆ ಎತ್ತಿದ ಹಾಗೆ ಹಾಳೆಯೇ ಬಂತು, ಕೆಳಗೆ ಬೂದು ಬಣ್ಣದ ಎಪಾಕ್ಸಿ. ಆ ವರ್ಷದ ಕಾಳುಮೆಣಸಿನ ದುಡ್ಡೆಲ್ಲ ಅದಕ್ಕೇ ಹೋಯಿತು.

ಆದರೆ ಎಷ್ಟೇ ಚೆನ್ನಾಗಿ ಹೊಡೆಸಿದರೂ ನಿಮ್ಮ ದೋಣಿಗೆ ಅದು ಬೇಡ. ಸಿಲಿಕೋನ್ ಚಿಪ್ಪು ಹಿಡಿಯುವುದನ್ನು ನಿಲ್ಲಿಸುವುದಿಲ್ಲ. ದೋಣಿ ತಳಕ್ಕೆ ಹೊಡೆಯುವ ತಾಮ್ರ ಬೆರೆಸಿದ ಬಣ್ಣದಲ್ಲಿರುವಂಥ ವಿಷ ಅದರಲ್ಲಿಲ್ಲ. ಅದು ಒಳ್ಳೆಯದೇ. ಫ್ರಾನ್ಸಿನ ಆರ್ಕಾಶಾನ್ ಕೊಲ್ಲಿಯ ಸಿಂಪಿಗಳನ್ನು ಹಾಳು ಮಾಡಿದ ಟಿಬಿಟಿ (ತವರದ ವಿಷ ಸಂಯುಕ್ತ) ಬೆರೆತ ಹಡಗಿನ ಬಣ್ಣವನ್ನು ತಡೆಯುವ ಅಂತಾರಾಷ್ಟ್ರೀಯ ಒಪ್ಪಂದ ಜಾರಿಗೆ ಬರಲು 2008 ಆಗಬೇಕಾಯಿತು. ಸಿಲಿಕೋನ್ ಮೇಲೂ ಬಾರ್ನಕಲ್ ಎಂಬ ಚಿಪ್ಪಿನ ಜೀವಿ ಬಂದು ಕೂರುತ್ತದೆ, ಹಿಡಿತ ಮಾತ್ರ ಸಡಿಲ. ಜೋರಾಗಿ ಓಡಿದಾಗ ನೀರಿನ ರಭಸಕ್ಕೆ ಕಳಚಿ ಬೀಳುತ್ತದೆ. 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿ ದಿನಾ ಓಡುವ ಹಡಗಿಗೆ ಅದು ಹೇಳಿ ಮಾಡಿಸಿದ್ದು. ವಾರವೆಲ್ಲ ಸುಮ್ನೆ ನಿಂತಿರುವ ದೋಣಿಗೆ ಏನು ಉಪಯೋಗ? ಲೋಳೆಯಂತೂ ಎಷ್ಟು ಓಡಿಸಿದರೂ ಪೂರ್ತಿ ಹೋಗುವುದಿಲ್ಲ.

ಆ ದುಡ್ಡಲ್ಲಿ ಟ್ರೇಲರ್ ಮಾಡಿಸಿ. ಪ್ರತಿ ಸಲ ದಡಕ್ಕೆಳೆದು ಸಿಹಿನೀರಲ್ಲಿ ತೊಳೆದಿಡಿ. ಹಾರಂಗಿ ಹಿನ್ನೀರಿನ ದೋಣಿಗೂ ಹಾಕಬಹುದಾ ಅಂತ ಕೇಳಿದ್ದೀರಿ. ಅದು ಸಿಹಿನೀರು, ಅಲ್ಲಿ ಬಾರ್ನಕಲ್ಲೇ ಇಲ್ಲ. ಪಾಚಿಗೆ ಬ್ರಷ್ ಸಾಕು.

ಇಷ್ಟಾದ ಮೇಲೂ ಹಾಕಿಸಲೇಬೇಕು ಅಂದರೆ ಮಳೆಗಾಲ ಬಿಟ್ಟು, ಒಣ ಹವೆಯಲ್ಲಿ ಹಾಕಿಸಿ. ಆ ಶೆಡ್ಡಲ್ಲಿ ಬೇರೆ ಬಣ್ಣದ ಕೆಲಸ ಇಟ್ಟುಕೊಳ್ಳಬೇಡಿ. ಸಿಲಿಕೋನಿನ ತುಂತುರು ಚೂರು ತಾಗಿದ ಜಾಗದಲ್ಲೂ ಹೊಸ ಬಣ್ಣ ಕೂರದೆ ಗುಳಿ ಗುಳಿಯಾಗುತ್ತದೆ. ನಮ್ಮ ಜೀಪಿನ ಬಾನೆಟ್ಟಿಗೆ ಹಾಗೇ ಆಯಿತು, ಎರಡನೇ ಸಲ ಕೆರೆಸಿ ಹೊಡೆಸಬೇಕಾಯಿತು.